ಬಾಡಿಗೆ ಬೈಕಲ್ಲಿ ಆಗುಂಬೆ ಘಾಟಿ ಇಳಿಯೋ ಮುಂಚೆ

ಕೇಳಿದವರು: ಜುಲೈಯಲ್ಲಿ ರೈಲಿಗೆ ಶಿವಮೊಗ್ಗಕ್ಕೆ ಬಂದು, ಬೈಕ್ ಬಾಡಿಗೆಗೆ ತಗೊಂಡು, ತಂಗಿಯನ್ನ ಹಿಂದೆ ಕೂರಿಸ್ಕೊಂಡು ಆಗುಂಬೆ ಮೇಲೆ ಘಾಟಿ ಕೆಳಗಿನ ಸೋಮೇಶ್ವರದವರೆಗೆ ಹೋಗಬೇಕು ಅಂತಿದೀನಿ. ಟಯರ್ ಬಗ್ಗೆ ಭಯ ಇದೆ. ಏನೇನು ನೋಡ್ಬೇಕು? ಅನುಭವ ಇದ್ದವರು ಹೇಳಿ.

ತೀರ್ಥಹಳ್ಳಿಯಿಂದ: ಭಯ ಪಟ್ಟಿದ್ದು ಒಳ್ಳೇದೇ ಆಯ್ತು. ನಾನು ಒಂದ್ಸಲ ನೋಡದೇ ತಗೊಂಡಿದ್ದೆ. ಬೈಕ್ ತೊಳೆದು ಹೊಳೀತಿತ್ತು, ಟಯರಿಗೆ ಕಪ್ಪು ಪಾಲಿಶ್ ಬೇರೆ. ಮಂಡಗದ್ದೆ ದಾಟೋವರೆಗೂ ಏನೂ ಗೊತ್ತಾಗಲಿಲ್ಲ. ಘಾಟಿಯಲ್ಲಿ ಸಣ್ಣ ಮಳೆ, ಮೂರನೇ ತಿರುವಲ್ಲಿ ಹಿಂದಿನ ಚಕ್ರ ಮೆಲ್ಲಗೆ ಹೊರಗೆ ಸರೀತು. ಪಕ್ಕದಲ್ಲಿ ಕಟ್ಟೆ ಇತ್ತು, ಉಳ್ಕೊಂಡೆ. ನಿಲ್ಲಿಸಿ ನೋಡಿದ್ರೆ ಟಯರಿನ ಎರಡೂ ಅಂಚಲ್ಲಿ ಗೆರೆ ಚೆನ್ನಾಗೇ ಇದೆ, ನಡುವೆ ಮಾತ್ರ ಬೋಳು, ಅಂಗೈಯಷ್ಟು ಚಪ್ಪಟೆ. ನೇರ ರಸ್ತೆಯಲ್ಲೇ ಓಡಿದ ಬೈಕಿಗೆ ಹೀಗಾಗುತ್ತೆ. ಪಕ್ಕದಿಂದ ನೋಡಿದ್ರೆ ಹೊಸದರ ಥರ ಕಾಣುತ್ತೆ. ಅದಕ್ಕೇ ಹಿಂದೆ ಕುಕ್ಕರಗಾಲಲ್ಲಿ ಕೂತು, ಚಕ್ರ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿ. ಗೆರೆಯ ಒಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬ ಇರುತ್ತೆ. ಟಯರ್ ಅದರ ಸಮಕ್ಕೆ ಬಂದಿದ್ರೆ ಆಯಸ್ಸು ಮುಗೀತು ಅಂತ. ದ್ವಿಚಕ್ರಕ್ಕೆ ಕಾನೂನು ಹೇಳೋ ಕನಿಷ್ಠ ಆಳ 0.8 ಮಿ.ಮೀ. ನಮ್ಮ ಮಳೆಗೆ ಅಷ್ಟು ಸಾಲದು ಅಂತ ನನ್ನ ಅಭಿಪ್ರಾಯ. ನೀರು ಹೊರಗೆ ಹೋಗೋದೇ ಆ ಗೆರೆಯಿಂದ. ಅದಿಲ್ಲದಿದ್ರೆ ಚಕ್ರ ನೀರಿನ ಮೇಲೇ ತೇಲಿ ಹೋಗುತ್ತೆ. ಘಾಟಿಯಲ್ಲಿ 14 ಹಿಮ್ಮುರಿ ತಿರುವು, ಜೊತೆಗೆ ರಸ್ತೆ ಮೇಲೆ ಪಾಚಿ, ಉದುರಿದ ಎಲೆ. ಎರಡನೇ ಗೇರಲ್ಲಿ ಇಳೀರಿ. ತಿರುವಿಗೆ ಮೊದಲೇ ಬ್ರೇಕ್ ಹಾಕಿ, ಬಾಗಿದ ಮೇಲೆ ಬೇಡ.

ಹೊಸನಗರದಿಂದ, ಪಂಚರ್ ಅಂಗಡಿ ನಡೆಸೋನು: ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2321 ಅಂದ್ರೆ 2021ರ 23ನೇ ವಾರ ತಯಾರಾಗಿದ್ದು. ಗೆರೆ ಇದ್ರೂ ಹಳೇ ರಬ್ಬರ್ ಗಟ್ಟಿಯಾಗಿ ಹಿಡಿತ ಬಿಡುತ್ತೆ, ಪಕ್ಕದಲ್ಲಿ ಕೂದಲಿನಂಥ ಬಿರುಕು ಕಂಡ್ರೆ ಆ ಬೈಕ್ ಬೇಡ. ಇಬ್ಬರು ಕೂತರೆ ಹಿಂದಿನ ಟಯರಿಗೆ ಗಾಳಿ ಹೆಚ್ಚು ಬೇಕು. ಎಷ್ಟು ಅಂತ ಸಾಮಾನ್ಯವಾಗಿ ಚೈನ್ ಕವರ್ ಹತ್ರ ಸ್ಟಿಕರಲ್ಲಿ ಇರುತ್ತೆ. ಹೊರಡೋ ಮುಂಚೆ, ಟಯರ್ ತಣ್ಣಗಿದ್ದಾಗಲೇ ಹಾಕಿಸಿ. ಮಳೇಲಿ ಹಿಡಿತ ಬರ್ಲಿ ಅಂತ ಗಾಳಿ ಇಳಿಸೋರಿದ್ದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ.

ಸಾಗರದಿಂದ: ಬೈಕಿನ ನಂಬರ್ ಬೋರ್ಡ್ ಕಪ್ಪು, ಅಕ್ಷರ ಹಳದಿ ಇದೆಯಾ ನೋಡ್ಕೊಳ್ಳಿ. ಬಿಳಿ ಬೋರ್ಡಿನ ಸ್ವಂತ ಬೈಕ್ ಬಾಡಿಗೆಗೆ ಕೊಟ್ಟರೆ, ಬಿದ್ದಾಗ ವಿಮೆಯವರು ತಕರಾರು ತೆಗೀತಾರೆ. ಎರಡೂ ಟಯರಿನ ಫೋಟೋ ಅಂಗಡಿ ಎದುರೇ ತೆಗೀರಿ.

ಕೇಳಿದವರು: ಬೇರೆ ಬೈಕ್ ಇಲ್ಲ, ಇದೇ ಇರೋದು ಅಂದ್ರೆ?

ತೀರ್ಥಹಳ್ಳಿಯಿಂದ: ಅಡ್ವಾನ್ಸ್ ಹೋದ್ರೂ ಹೋಗ್ಲಿ, ಬಿಟ್ಟು ಬನ್ನಿ. ಶಿವಮೊಗ್ಗದಿಂದ ತೀರ್ಥಹಳ್ಳಿ ಮೇಲೆ ಆಗುಂಬೆಗೆ ಬಸ್ ಇದೆ. ತಂಗಿಗೆ ಕಿಟಕಿ ಪಕ್ಕ ಸೀಟು ಹಿಡೀರಿ.