ಸೋತು ಸೋತು ಕೊನೆಗೂ ಗೆದ್ದರು, ಗೆಲ್ಲಿಸಿದ ಹುಡುಗನೇ ಈಗ ತಂಡದಲ್ಲಿಲ್ಲ. ಯಾಕೆ ಹೀಗೆ?

ಮಂಡ್ಯದವಳು

ಎಲ್ಲರಿಗೂ ನಮಸ್ಕಾರ. ಬೇಸ್‌ಬಾಲ್ ಬಲ್ಲವರು ಯಾರಾದರೂ ಇದ್ದರೆ ಉತ್ತರ ಕೊಡಿ. ಒಂಬತ್ತು ವರ್ಷದ ಮಗ ಎರಡು ದಿನದಿಂದ ಒಂದೇ ಪ್ರಶ್ನೆ ಕೇಳ್ತಿದ್ದಾನೆ, ನನಗೆ ಏನು ಹೇಳಬೇಕೋ ತೋಚ್ತಿಲ್ಲ.

ನಾವಿರೋದು ಉತ್ತರ ಕೆರೊಲಿನಾದ ಒಂದು ಸಣ್ಣ ಊರಲ್ಲಿ. ಇಲ್ಲೊಂದು ಸಿಂಗಲ್-ಎ ತಂಡ ಇದೆ, ಅಂದರೆ ದೊಡ್ಡ ತಂಡಗಳ ಮೇಜರ್ ಲೀಗಿಗಿಂತ ಕೆಳಗಿನ ಮೈನರ್ ಲೀಗಿನ ಒಂದು ದರ್ಜೆ. ಮಂಗಳವಾರದಿಂದ ಭಾನುವಾರದ ತನಕ ಒಂದೇ ಎದುರಾಳಿ ಜೊತೆ ದಿನಕ್ಕೊಂದು ಆಟ, ಸೋಮವಾರ ರಜೆ. ಹಿಂದಿನ ವಾರ ಹೊರಗಡೆ ಹೋಗಿ ಆರಕ್ಕೆ ಆರೂ ಸೋತು ಬಂದರು. ಊರಿಗೆ ಬಂದ ಮೇಲೂ ಶನಿವಾರದ ತನಕ ಸೋಲೇ. ನಾವು ಅದರಲ್ಲಿ ಮೂರು ಆಟಕ್ಕೆ ಹೋಗಿದ್ವಿ. ಮಗ ಸ್ಕೋರ್ ಪುಸ್ತಕ ಬರೀತಾನೆ. ಬ್ಯಾಟ್ ಬೀಸದೇ ನಿಂತು ಔಟಾದರೆ ಇಂಗ್ಲಿಷಿನ ಕೆ ಅಕ್ಷರವನ್ನು ಹಿಂದುಮುಂದಾಗಿ ಬರೀಬೇಕಂತೆ. ಆ ವಾರ ನಮ್ಮವರ ಸಾಲಿನಲ್ಲಿ ಅಂಥ ತಿರುಗಿದ ಕೆಗಳೇ ತುಂಬಿದ್ವು. ಪೆನ್ಸಿಲ್ ಒತ್ತಿ ಒತ್ತಿ ಹಾಳೆ ಹರಿದಿದೆ.

ಭಾನುವಾರ ಮಧ್ಯಾಹ್ನ ಉದ್ದನೆಯ ಒಬ್ಬ ಹುಡುಗ ಪಿಚ್ ಮಾಡಿದ, ಅಂದರೆ ಬ್ಯಾಟ್ ಮಾಡುವವರಿಗೆ ಚೆಂಡು ಎಸೆದ. ಐದು ಇನ್ನಿಂಗ್ಸ್, ಒಂದೂ ರನ್ ಕೊಡಲಿಲ್ಲ. ಅಷ್ಟು ಚೆನ್ನಾಗಿ ಹಾಕ್ತಿದ್ದವನನ್ನ ಆರನೇ ಇನ್ನಿಂಗ್ಸ್‌ಗೆ ಕೂರಿಸಿಬಿಟ್ಟರು! ನನ್ನ ಹೊಟ್ಟೆ ಉರಿದುಹೋಯ್ತು. ಹೇಗೋ ಕೊನೆಯ ಒಂಬತ್ತನೇ ಇನ್ನಿಂಗ್ಸ್ ಬಂತು, ನಾವು 2-1 ಮುಂದೆ. ಎದುರಾಳಿಗೆ ಎರಡು ಔಟ್, ಇನ್ನೊಂದಾದರೆ ಆಟ ಮುಗೀತು, ಆದರೆ ಮೂರೂ ಬೇಸ್ ಮೇಲೆ ಅವರ ಜನ. ಚೆಂಡು ನೆಲಕ್ಕೆ ತಾಗಿ ಪುಟಿಯುತ್ತಾ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ನಮ್ಮ ಆಟಗಾರ) ಕಡೆ ಹೋಯ್ತು. ಅವನು ಹಿಡಿದ, ಕೈಯಿಂದ ಜಾರಿತು, ಮತ್ತೆ ಹಿಡಿದು ಎಸೆದ. ಓಡುವವನ ಕಾಲು ಬೇಸ್ ತಲುಪೋಕೆ ಒಂದು ಗೇಣು ಮೊದಲು ಚೆಂಡು ಮುಟ್ಟಿತು. ಹುಲ್ಲಿನ ದಿಬ್ಬದ ಮೇಲೆ ಗುರುತು ಪರಿಚಯ ಇಲ್ಲದ ಒಬ್ಬ ಅಜ್ಜಿ ನನ್ನನ್ನ ತಬ್ಬಿಕೊಂಡರು.

ಆಮೇಲೆ ಆ ಪಿಚ್ಚರ್ ಬೇಲಿ ಹತ್ತಿರ ಬಂದು ಮಗನ ಪುಸ್ತಕ ನೋಡಿದ. "ಮುಂದಿನ ಸಲ ಬಾ, ಈ ಪುಟದ ಮೇಲೆ ಸಹಿ ಹಾಕ್ತೀನಿ" ಅಂದ. ಮಂಗಳವಾರ ನೋಡಿದ್ರೆ ಅವನನ್ನ ಮೇಲಿನ ದರ್ಜೆಗೆ ಕಳಿಸಿದಾರೆ. "ಅಮ್ಮ, ಈಗ ತಾನೇ ಗೆದ್ವಲ್ಲ, ಗೆಲ್ಲಿಸಿದವನನ್ನೇ ಯಾಕೆ ಕಳಿಸಿದ್ರು?" ಅಂತ ಮಗ. ನನ್ನ ಪ್ರಶ್ನೆಯೂ ಅದೇ. ಈ ಮೈನರ್ ಲೀಗಿನಲ್ಲಿ ಗೆಲುವು ನಿಜವಾಗಿ ಯಾರಿಗಾದರೂ ಬೇಕಾ?

ಡರ್ಹಮ್ ರಾಯರು

ಮೇಡಂ, ನಿಮ್ಮ ಮಗನಿಗೆ ಮೊದಲು ನನ್ನ ಶಭಾಷ್ ಹೇಳಿ. ಈ ವಯಸ್ಸಿಗೆ ಸ್ಕೋರ್ ಪುಸ್ತಕ ಬರೆಯೋದು ಸಣ್ಣ ಮಾತಲ್ಲ.

ಆ ಹುಡುಗ ನಿಮ್ಮೂರ ತಂಡದವನೇ ಅಲ್ಲ. ಟಿಕೆಟ್, ಮೈದಾನ, ತಿಂಡಿ ಅಂಗಡಿ ಎಲ್ಲ ಊರಿನ ತಂಡದ್ದು. ಆಟಗಾರರು, ಮ್ಯಾನೇಜರ್, ಕೋಚ್‌ಗಳಿಗೆ ಸಂಬಳ ಕೊಡೋದು ಮೇಜರ್ ಲೀಗಿನ ಮೂಲ ತಂಡ. ಅಂಥ 30 ತಂಡಗಳಿವೆ. 2021ರಿಂದ ಒಂದೊಂದರ ಕೆಳಗೂ ನಾಲ್ಕು ಮೆಟ್ಟಿಲು: ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಯಾರು ಎಲ್ಲಿ ಆಡಬೇಕು ಅಂತ ಮೇಲಿನವರೇ ತೀರ್ಮಾನ ಮಾಡ್ತಾರೆ.

ಐದು ಇನ್ನಿಂಗ್ಸ್‌ಗೆ ಕೂರಿಸಿದ್ದಕ್ಕೆ ಕೋಪ ಬೇಡ. ಎಸೆತಗಳ ಲೆಕ್ಕ ಇಟ್ಟಿರ್ತಾರೆ. ಮೊಣಕೈಯ ಲಿಗಮೆಂಟ್ (ಮೂಳೆಗಳನ್ನ ಕೂಡಿಸುವ ಕಟ್ಟು) ಹರಿದರೆ ಶಸ್ತ್ರಚಿಕಿತ್ಸೆ, ಆಮೇಲೆ ವರ್ಷಕ್ಕೂ ಹೆಚ್ಚು ಕಾಲ ಪಂದ್ಯ ಇಲ್ಲ. ನಿಮ್ಮ ಭಾನುವಾರಕ್ಕಾಗಿ ಆ ಕೈಯನ್ನ ಪಣಕ್ಕಿಡಬಾರದು, ಅದು ಸರಿಯೇ.

ಅವನ ಕಡೆಯಿಂದಲೂ ನೋಡಿ. 2023ರಲ್ಲಿ ಆಟಗಾರರ ಸಂಘಕ್ಕೂ ಮೇಜರ್ ಲೀಗಿಗೂ ಸಂಬಳದ ಒಪ್ಪಂದ ಆಗೋವರೆಗೆ ಸಿಂಗಲ್-ಎ ಹುಡುಗನಿಗೆ ವರ್ಷಕ್ಕೆ ಸಿಗ್ತಿದ್ದದ್ದು ಸುಮಾರು 11,000 ಡಾಲರ್. ಒಪ್ಪಂದದಲ್ಲಿ ಅದು 26,200 ಆಯ್ತು. ಟ್ರಿಪಲ್-ಎಗೆ 35,800. ಒಂದೊಂದು ಮೆಟ್ಟಿಲೂ ಅವನ ಹೊಟ್ಟೆಪಾಡು.

ನಾನು ಡರ್ಹಮ್ ಬುಲ್ಸ್ ಆಟ ಬಹಳ ವರ್ಷದಿಂದ ನೋಡ್ತಿದ್ದೀನಿ. ಅದು ಟ್ಯಾಂಪಾ ಬೇ ರೇಸ್ ಅನ್ನೋ ಮೇಜರ್ ಲೀಗ್ ತಂಡದ ಟ್ರಿಪಲ್-ಎ ತಂಡ. ಎಡಗಡೆ 32 ಅಡಿ ಎತ್ತರದ ನೀಲಿ ಗೋಡೆ, ಅದರ ಮೇಲೆ ಮೂಗಿನಿಂದ ಹೊಗೆ ಬಿಡುವ ದೊಡ್ಡ ಗೂಳಿ. ನಿನ್ನೆ ಆ ಗೋಡೆಗೆ ಚೆಂಡು ಬಾರಿಸಿದವನು ಇವತ್ತು ಟಿವಿಯಲ್ಲಿ ಟ್ಯಾಂಪಾ ಬಟ್ಟೆ ಹಾಕಿಕೊಂಡು ನಿಂತಿರ್ತಾನೆ. ಮೊದಮೊದಲು ನನಗೂ ಸಂಕಟ ಆಗ್ತಿತ್ತು. ಈಗ ಅಂಥವನು ಕಂಡರೆ ಹೆಂಡತಿಯನ್ನ ಕರೆದು ತೋರಿಸ್ತೀನಿ.

ಫಿಲಿ ಕನ್ನಡಿಗ

ರಾಯರು ಹೇಳಿದ್ದೆಲ್ಲ ಸರಿ, ಆದರೆ ಅಕ್ಕ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಗೆಲುವು ಬೇಕಾ ಅಂದರೆ, ಬೇಕು. ಆಡುವವರಿಗೆ ಖಂಡಿತ ಬೇಕು.

ರೋಡ್ ಐಲೆಂಡ್‌ನ ಪಾಟಕೆಟ್‌ನಲ್ಲಿ 1981ರ ಏಪ್ರಿಲ್ 18ರ ರಾತ್ರಿ ಪಾಟಕೆಟ್ ರೆಡ್ ಸಾಕ್ಸ್, ರಾಚೆಸ್ಟರ್ ರೆಡ್ ವಿಂಗ್ಸ್ ಟ್ರಿಪಲ್-ಎ ಆಟ ಶುರು ಮಾಡಿದರು. ಒಂಬತ್ತಕ್ಕೆ ಮುಗಿಯಬೇಕಾದ ಇನ್ನಿಂಗ್ಸ್ 32ಕ್ಕೆ ಹೋದರೂ ಸಮ. ಚಳಿ ತಡೆಯಲಾರದೆ ಮುರಿದ ಬ್ಯಾಟುಗಳನ್ನ ಉರಿಸಿ ಕೈ ಕಾಯಿಸಿಕೊಂಡರು. ಬೆಳಗಿನ ಜಾವ 4:07ಕ್ಕೆ ನಿಲ್ಲಿಸಿದಾಗ ಉಳಿದಿದ್ದ ಪ್ರೇಕ್ಷಕರು 19 ಜನ. ಜೂನ್ 23ಕ್ಕೆ ಮತ್ತೆ ಸೇರಿದರು, 18 ನಿಮಿಷದಲ್ಲಿ ಮುಗಿಯಿತು. 33ನೇ ಇನ್ನಿಂಗ್ಸ್‌ನಲ್ಲಿ ಡೇವ್ ಕೋಜಾ ಹೊಡೆತಕ್ಕೆ ಪಾಟಕೆಟ್ 3-2ರಲ್ಲಿ ಗೆದ್ದಿತು. ಆ ಆಟದಲ್ಲಿದ್ದ ಕ್ಯಾಲ್ ರಿಪ್ಕೆನ್, ವೇಡ್ ಬಾಗ್ಸ್ ಮುಂದೆ ದೊಡ್ಡ ಹೆಸರಾದರು. ಕೋಜಾ ಮೇಜರ್ ಲೀಗಿನಲ್ಲಿ ಒಂದು ಆಟವನ್ನೂ ಆಡಲಿಲ್ಲ. ಹಾಗಂತ ಅವನ ಆ ಗೆಲುವು ಸುಳ್ಳಾಯಿತಾ?

ಸೋಲಿನ ಸಾಲಿನ ಬಗ್ಗೆ ನಮ್ಮ ಊರಿನವರನ್ನ ಕೇಳಬೇಕು. 1961ರಲ್ಲಿ ಫಿಲಡೆಲ್ಫಿಯಾ ಫಿಲೀಸ್ ಸತತ 23 ಸೋತರು. ಸೋಲು ಶುರುವಾಗೋ ಮುಂಚಿನ ಕೊನೆಯ ಗೆಲುವು ಜಾನ್ ಬುಜಾರ್ಟ್ ಎಂಬ ಪಿಚ್ಚರ್‌ನದು, ಆಗಸ್ಟ್ 20ರಂದು ಆ ಸಾಲನ್ನ ಮುರಿದವನೂ ಅವನೇ. ಇದನ್ನ ಮಗನಿಗೆ ಹೇಳಿ, ಖುಷಿಪಡ್ತಾನೆ.

ಮಂಡ್ಯದವಳು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಊಟ ಬಡಿಸ್ತಾ ಎಲ್ಲ ಓದಿ ಹೇಳಿದೆ. ಕೈಯಲ್ಲಿದ್ದ ಮುದ್ದೆ ಹಾಗೇ ಹಿಡಿದುಕೊಂಡು 33 ಇನ್ನಿಂಗ್ಸ್ ಕಥೆ ಕೇಳಿದ. "ಸ್ಕೋರ್ ಬರೆಯೋಕೆ ಎಷ್ಟು ಹಾಳೆ ಬೇಕಾಗಿತ್ತು?" ಅಂತ ಕೇಳಿದ, ಅದನ್ನ ಫಿಲಿ ಮಾಮಾನೇ ಹೇಳಬೇಕು.

ಹೈ-ಎ ಮೈದಾನ ನಮ್ಮಿಂದ ಎರಡು ಗಂಟೆ ದಾರಿ. ಮುಂದಿನ ಶನಿವಾರ ಹೋಗೋಣ ಅಂತಿದ್ದೀವಿ, ಹರಿದ ಹಾಳೆಗೆ ಟೇಪ್ ಹಾಕಿದ್ದಾನೆ. ರಾಯರೇ, ಬಿಸಿಲಿನ ಹೊತ್ತಲ್ಲಿ ಎಲ್ಲಿ ಕೂತರೆ ನೆರಳು?

ಡರ್ಹಮ್ ರಾಯರು

ಸಾಮಾನ್ಯವಾಗಿ ಮೂರನೇ ಬೇಸ್ ಕಡೆ ನೆರಳು ಬೇಗ ಬರುತ್ತೆ. ಆಟಕ್ಕೆ ಒಂದು ಗಂಟೆ ಮುಂಚೆ ಬೇಲಿ ಹತ್ತಿರ ಹೋಗಿ ನಿಲ್ಲಿ. ಸಹಿಗೆ ಅದೇ ಒಳ್ಳೆ ಹೊತ್ತು.