ಬಾತ್‌ಟಬ್‌ಗೆ ಷವರ್ ಸೇರಿಸುವುದು: ಪ್ಲಂಬಿಂಗ್ ಗುತ್ತಿಗೆದಾರರನ್ನು ಕೇಳಿ

ಜಯನಗರದ ಸದಸ್ಯೆ: ನಮಸ್ಕಾರ ಸರ್. ನಮ್ಮ ಹಳೆಯ ಟಬ್‌ಗೆ ನಲ್ಲಿ ಮಾತ್ರ ಇದೆ. ಟೈಲ್ಸ್ ಒಡೆಯದೆ ಷವರ್ ಹಾಕಿಸಬಹುದೇ?

ಗುತ್ತಿಗೆದಾರ: ನಮಸ್ಕಾರ ಮೇಡಂ. ಬಿಸಿನೀರು, ತಣ್ಣೀರಿನ ಪಾಯಿಂಟ್‌ಗಳ ನಡುವೆ 6 ಇಂಚು ಅಂತರವಿದ್ದರೆ, ಈಗಿರುವ ವಾಲ್ ಮಿಕ್ಸರ್ (ಬಿಸಿನೀರು, ತಣ್ಣೀರು ಬೆರೆಸುವ ಗೋಡೆಯ ನಲ್ಲಿ) ಬಿಚ್ಚಿ, ನಲ್ಲಿ, ಕೈ ಷವರ್, ಮೇಲಿನ ಷವರ್ ಮೂರಕ್ಕೂ ನೀರು ಕೊಡುವ ತ್ರೀ-ಇನ್-ಒನ್ ಮಿಕ್ಸರ್ ಕೂರಿಸಬಹುದು. ಷವರಿಗೆ ಏರುವ ಪೈಪ್ ಗೋಡೆಯ ಹೊರಗೆ ಕಾಣುತ್ತದೆ, ಅಷ್ಟೇ.

ಯಲಹಂಕದ ಸದಸ್ಯ: ನಮ್ಮದು ಕೊನೆಯ ಮಹಡಿ. ರೇನ್ ಷವರ್ ಆದೀತೇ?

ಗುತ್ತಿಗೆದಾರ: ಟ್ಯಾಂಕಿನ ನೀರು ಷವರಿಗಿಂತ 10 ಮೀಟರ್ ಮೇಲಿದ್ದರೆ 1 ಬಾರ್ ಒತ್ತಡ ಸಿಗುತ್ತದೆ, ನಿಮಗೆ 2-3 ಮೀಟರ್ ಸಿಕ್ಕರೆ ಹೆಚ್ಚು. ಪ್ರೆಷರ್ ಪಂಪ್ ಇಲ್ಲದಿದ್ದರೆ ಅದು ಮಳೆಯಲ್ಲ, ಸೂರಿನ ಹನಿ. ಪಂಪ್ ಕೊಳ್ಳುವ ಮೊದಲು ನಿಮ್ಮ ಗೀಸರ್ ಎಷ್ಟು ಬಾರ್ ತಡೆಯುತ್ತದೆಂದು ನೋಡಿ.

ಮೈಸೂರಿನ ಸದಸ್ಯೆ: ಮೂರು ತಿಂಗಳ ಹಿಂದೆ ಟಬ್‌ಗೆ ಷವರ್ ಸೇರಿಸಿದೆವು. ಈಗ ಪಕ್ಕದ ಮಲಗುವ ಕೋಣೆಯ ಗೋಡೆಯಲ್ಲಿ ತೇವ ಕಾಣಿಸಿಕೊಂಡು ಬಣ್ಣ ಉಬ್ಬಿದೆ; ಕೆಳಮನೆಯವರೂ ದೂರುತ್ತಿದ್ದಾರೆ. ಬಿಳಿ ಸಿಮೆಂಟಿಗೆ ಮರಗೆಲಸದ ಅಂಟು ಬೆರೆಸಿ ಟಬ್ಬಿನ ಅಂಚಿಗೆ ಮೆತ್ತಬೇಕೆಂಬ ಸಂದೇಶ ಬಂದಿದೆ.

ಗುತ್ತಿಗೆದಾರ: ದಯವಿಟ್ಟು ಮೆತ್ತಬೇಡಿ. ಬರಿಯ ಟಬ್ ಇದ್ದಾಗ ಗೋಡೆಯ ಬುಡವಷ್ಟೇ ನೆನೆಯುತ್ತಿತ್ತು. ಷವರ್ ಬಂದ ಮೇಲೆ ಆಳೆತ್ತರದ ಗೋಡೆ ದಿನವೂ ನೆನೆಯುತ್ತದೆ, ಅಷ್ಟು ಎತ್ತರಕ್ಕೆ ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ವಾಟರ್‌ಪ್ರೂಫಿಂಗ್ ಇರುವುದಿಲ್ಲ. ಟೈಲ್ಸ್ ನೀರನ್ನು ತಡೆದರೂ ಅವುಗಳ ಸಂದು ತಡೆಯುವುದಿಲ್ಲ. ಆದರೂ ಗೋಡೆಯೇ ತಪ್ಪಿತಸ್ಥ ಎಂದು ಈಗಲೇ ಹೇಳಲಾರೆ. ತೇವದ ಅಂಚನ್ನು ಪೆನ್ಸಿಲಿನಿಂದ ಗುರುತಿಸಿ, ಎರಡು ದಿನ ಆ ಬಾತ್‌ರೂಮ್ ಬಳಸದೆ ನೀರಿನ ವಾಲ್ವ್ ಮಾತ್ರ ತೆರೆದಿಡಿ. ಆಗಲೂ ತೇವ ಗೆರೆ ದಾಟಿದರೆ ಗೋಡೆಯೊಳಗಿನ ಪೈಪ್ ಸೋರುತ್ತಿರಬೇಕು. ದಾಟದಿದ್ದರೆ, ಗೋಡೆಗೆ ಹನಿ ತಾಗದಂತೆ ಟಬ್ ತುಂಬಿಸಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಒಮ್ಮೆಲೇ ಖಾಲಿ ಮಾಡಿ. ಆಗ ಕೆಳಮನೆಯ ಛಾವಣಿ ತೊಯ್ದರೆ ವೇಸ್ಟ್ ಪೈಪಿನ ಜೋಡಣೆ ನೋಡಬೇಕು. ಎರಡರಲ್ಲೂ ಏನೂ ಆಗದಿದ್ದರೆ ಮಾತ್ರ ಷವರಿನಿಂದ ಗೋಡೆಯನ್ನು ನೆನೆಸಿ ನೋಡಿ. ಅಂಚಿಗೆ ಕೊನೆಗೆ ಸಿಲಿಕೋನ್ ಹಾಕಿಸುವಾಗ ಟಬ್ಬಿನಲ್ಲಿ ನೀರು ತುಂಬಿರಲಿ, ಸಿಲಿಕೋನ್ ಗಟ್ಟಿಯಾಗುವವರೆಗೆ ಖಾಲಿ ಮಾಡಬೇಡಿ. ಅಕ್ರಿಲಿಕ್ ಟಬ್ ಭಾರಕ್ಕೆ ಕೊಂಚ ಕುಸಿಯುತ್ತದೆ, ಬಿಳಿ ಸಿಮೆಂಟ್ ಅಲ್ಲಿ ಬಿರುಕು ಬಿಡುವುದೂ ಅದರಿಂದಲೇ. ಆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದೆಯೇ? ಇದ್ದರೆ ಈ ಕ್ಷಣವೇ ಅದರ ಎಂಸಿಬಿ (ಮೀಟರ್ ಬಳಿಯ ಪೆಟ್ಟಿಗೆಯಲ್ಲಿ ವಿದ್ಯುತ್ ಕಡಿಯುವ ಸ್ವಿಚ್) ಇಳಿಸಿ.

ಹೆಬ್ಬಾಳದ ಸದಸ್ಯ: 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಬೆಂಗಳೂರು ಜಲಮಂಡಳಿ ಹೇಳಿತ್ತು. ಇಂತಹ ಊರಿನಲ್ಲಿ ಟಬ್ ಏಕೆ? ಕಿತ್ತು ಹಾಕಿಸಿ.

ಜಯನಗರದ ಸದಸ್ಯೆ: ಸ್ವಾಮಿ, ನೀರು ಉಳಿಸಲೆಂದೇ ನಾನು ಷವರ್ ಕೇಳಿದ್ದು.

ಹೆಬ್ಬಾಳದ ಸದಸ್ಯ: 20 ನಿಮಿಷ ಷವರಿನಡಿ ನಿಲ್ಲುವವರಿಗಿಂತ ಟಬ್ಬಿನವರೇ ವಾಸಿ. ಬಕೆಟ್ಟು, ಚೊಂಬು ಸಾಲದೇ?

ಜಯನಗರದ ಸದಸ್ಯೆ: ನಮ್ಮ ಮನೆಯ ಸ್ನಾನದ ಲೆಕ್ಕ ತಮಗೆ ಬೇಕಿಲ್ಲ.

ಗುತ್ತಿಗೆದಾರ: ನಿಮಿಷಕ್ಕೆ 10 ಲೀಟರಿನ ಷವರಿನಲ್ಲಿ 5 ನಿಮಿಷಕ್ಕೆ 50 ಲೀಟರ್ ಆಗುತ್ತದೆ. ಟಬ್ಬಿನ ಸ್ನಾನಕ್ಕೆ ಅದರ ಎರಡು ಮೂರು ಪಟ್ಟು ಬೇಕು. ಜಗಳ ಇಲ್ಲಿಗೆ ಸಾಕು.

ಹುಬ್ಬಳ್ಳಿಯ ಸದಸ್ಯ: ನಮ್ಮ ತಾಯಿಗೆ 74 ವರ್ಷ. ಟಬ್ಬಿನ ಅಂಚು ದಾಟಿ ಒಳಗೆ ನಿಂತು ಸ್ನಾನ ಮಾಡಲು ಹಿಡಿಕೆ ಎಲ್ಲಿ ಹಾಕಿಸಬೇಕು?

ದಾವಣಗೆರೆಯ ಸದಸ್ಯ: ಟೈಲ್ಸ್ ಒಡೆಯದೆ ಷವರ್ ಹಾಕಿಸಬಹುದೇ ಸರ್?

ಗುತ್ತಿಗೆದಾರ: ಮೊದಲ ಉತ್ತರ ಓದಿ.

ಯಲಹಂಕದ ಸದಸ್ಯ: ಷವರಿನ ರಂಧ್ರ ಕಟ್ಟಿದರೆ ಆಸಿಡ್‌ಗೆ ಬ್ಲೀಚಿಂಗ್ ಪೌಡರ್ ಬೆರೆಸಿ ನೆನೆಸಬೇಕಂತೆ. ಇದು ಫಾರ್ವರ್ಡ್ ಆಗಿ ಬಂದದ್ದು.

ಗುತ್ತಿಗೆದಾರ: ಅವೆರಡನ್ನು ಬೆರೆಸಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮುಚ್ಚಿದ ಬಾತ್‌ರೂಮಿನಲ್ಲಿ ಪ್ರಾಣಕ್ಕೇ ಕುತ್ತು. ವಿನೆಗರ್‌ನಲ್ಲಿ ನೆನೆಸಿ ಹಳೆಯ ಬ್ರಷ್‌ನಿಂದ ತಿಕ್ಕಿ. ಅರ್ಥವಾಗದ್ದನ್ನು ಇಲ್ಲಿಗೆ ತಂದು ಹಾಕಬೇಡಿ.

ಯಲಹಂಕದ ಸದಸ್ಯ: ಕೇಳಿದ್ದೇ ತಪ್ಪಾಯಿತೇ?

ಹುಬ್ಬಳ್ಳಿಯ ಸದಸ್ಯ: ನನ್ನ ಪ್ರಶ್ನೆ ಹಾಗೆಯೇ ಉಳಿದಿದೆ.

ಮೈಸೂರಿನ ಸದಸ್ಯೆ: ಬೋರ್ಡ್ ಇದೆ ಸರ್, ತೇವಕ್ಕಿಂತ ಒಂದು ಗೇಣು ಮೇಲೆ. ಎಂಸಿಬಿ ಇಳಿಸಿದ್ದೇವೆ.

ಗುತ್ತಿಗೆದಾರ: ಎಲೆಕ್ಟ್ರಿಷಿಯನ್ ನೋಡುವವರೆಗೆ ಯಾರೂ ಅದನ್ನು ಮೇಲೆತ್ತದಿರಲಿ. ಪೆನ್ಸಿಲ್ ಗೆರೆಯ ಫೋಟೋ ನಾಡಿದ್ದು ಕಳುಹಿಸಿ.