ಚರ್ಮದ ಬೈಂಡಿನ ಹಳೇ ಕಾದಂಬರಿ, ಮುಟ್ಟಿದರೆ ಕೈಗೆಲ್ಲಾ ಕೆಂಪು ಪುಡಿ. ಏನು ಮಾಡಲಿ?

ಬಳ್ಳಾರಿಬಿಸಿಲು:
ನಮಸ್ಕಾರ. ಚಿತ್ರಗಳಿರುವ ಹಳೇ ಕಾದಂಬರಿ ಅಂದರೆ ನನಗೆ ಹುಚ್ಚು, ಚರ್ಮದ ಬೈಂಡ್ ಇದ್ದರಂತೂ ಕೇಳಲೇ ಬೇಡಿ. ಎರಡು ವರ್ಷದಲ್ಲಿ ಹನ್ನೊಂದು ಸೇರಿವೆ. ಹೋದ ತಿಂಗಳು ನಮ್ಮ ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಹಳೇ ಮನೆ ಖಾಲಿ ಮಾಡುತ್ತಿದ್ದರು. ಅಲ್ಲಿ ರದ್ದಿಯವನ ತಕ್ಕಡಿಗೆ ಹೊರಟಿದ್ದ ಡಾನ್ ಕ್ವಿಕ್ಸೋಟ್ (ಗಾಳಿಗಿರಣಿ ಜೊತೆ ಕಾದಾಡುವವನ ಸ್ಪ್ಯಾನಿಷ್ ಕಾದಂಬರಿ) ಒಂದನ್ನು 1,500 ರೂಪಾಯಿ ಕೊಟ್ಟು ಬಿಡಿಸಿಕೊಂಡು ಬಂದೆ. ಫ್ರಾನ್ಸಿನ ಚಿತ್ರಕಾರ ಗುಸ್ತಾವ್ ಡೋರೆ 1863ರಲ್ಲಿ ಮಾಡಿದ ಚಿತ್ರಗಳು ಅದರಲ್ಲಿವೆ. ಬೆನ್ನಿಗೂ ಮೂಲೆಗಳಿಗೂ ಮಾತ್ರ ಚರ್ಮ, ಉಳಿದದ್ದು ಬಟ್ಟೆ. ರಟ್ಟಿನ ಒಳಗಡೆ ಮದ್ರಾಸಿನ ಬೈಂಡರ್ ಒಬ್ಬರ ಚೀಟಿ ಇದೆ. 1953ರ ತನಕ ನಾವು ಮದ್ರಾಸಿಗೇ ಸೇರಿದ್ದವರು, ಅಲ್ವಾ.

ತೊಡೆ ಮೇಲಿಟ್ಟು ಓದಿ ಎದ್ದರೆ ಬಿಳಿ ಪಂಚೆ ತುಂಬಾ ಕೆಂಪು ಪುಡಿ. ನಮ್ಮ ಮನೆ ಅದಿರು ಲಾರಿ ಓಡಾಡುವ ರಸ್ತೆಗೇ ಇದೆ, ಕಿಟಕಿ ತೆಗೆದರೆ ಅನ್ನದ ಮೇಲೂ ಕೂರುವ ಧೂಳು, ಇದೂ ಅದೇ ಇರಬೇಕು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒರೆಸಿದ ಕಡೆ ಕಪ್ಪಾಯಿತು. ಪುಡಿ ಮಾತ್ರ ಬರುತ್ತಲೇ ಇದೆ. ನಮ್ಮ ಮಾವ ಕೊಬ್ಬರಿ ಎಣ್ಣೆ ಹಚ್ಚಿ ಅಂತಾರೆ, ಗೆಳೆಯ ಬೂಟ್ ಪಾಲಿಶ್ ಅಂತಾನೆ. ಗೊತ್ತಿದ್ದವರು ಹೇಳಿ. ಹಳೇದರ ಸಹವಾಸವೇ ಬೇಡ ಅಂತ ಚರ್ಮದ ಬೈಂಡಿನ ಪುಸ್ತಕ ಮಾಡುವ ಅಮೆರಿಕದ ಈಸ್ಟನ್ ಪ್ರೆಸ್‌ನಂಥವರ ಹೊಸ ಪುಸ್ತಕಗಳ ಕಡೆ ಹೋಗಲಾ?

ರಾಯಚೂರುರಟ್ಟು:
ಮೊದಲು ಒರೆಸೋದು ನಿಲ್ಲಿಸಿ! ಅದು ಧೂಳಲ್ಲ, ನಿಮ್ಮ ಪುಸ್ತಕದ ಚರ್ಮವೇ. ಒರೆಸಿದಷ್ಟೂ ಪುಸ್ತಕ ಸವೆಯುತ್ತದೆ. ಇದಕ್ಕೆ ರೆಡ್ ರಾಟ್ ಅಂತಾರೆ. ಗಿಡದ ತೊಗಟೆಯಿಂದ ಹದ ಮಾಡಿದ ಚರ್ಮಕ್ಕೆ ಬರುವ ಕಾಯಿಲೆ. ಕಲ್ಲಿದ್ದಲು, ಹಳೇ ಕಾಲದ ದೀಪದ ಗ್ಯಾಸ್ ಉರಿದು ಬರುವ ಗಂಧಕದ ಹೊಗೆ ಚರ್ಮದೊಳಗೆ ಹೋಗಿ ಆಮ್ಲ ಆಗುತ್ತದೆ, ಆಮ್ಲ ಒಳಗಿನ ನಾರನ್ನೇ ತಿಂದುಹಾಕುತ್ತದೆ. ಬಿಸಿಲು, ಸೆಕೆ ಸೇರಿದರೆ ಇನ್ನೂ ಬೇಗ. ಹೋದ ಚರ್ಮ ವಾಪಸ್ ಬರಲ್ಲ, ಇರೋದನ್ನು ಹಿಡಿದು ನಿಲ್ಲಿಸಬಹುದು ಅಷ್ಟೆ.

ನೀರು ಬೇಡ, ಕಪ್ಪಾಗಿದ್ದು ಅದರಿಂದಲೇ. ಎಣ್ಣೆ, ಪಾಲಿಶ್ ಹತ್ತಿರವೂ ತರಬೇಡಿ. ಎಣ್ಣೆ ಹಾಳೆಗೆ ಇಳಿಯುತ್ತದೆ, ಅಂಟಂಟಾಗಿ ಧೂಳು ಹಿಡಿಯುತ್ತದೆ. ಪುಸ್ತಕ ದುರಸ್ತಿ ಮಾಡುವವರು ಕ್ಲುಸೆಲ್ ಜಿ ಅನ್ನುವ ಪುಡಿಯನ್ನು ಆಲ್ಕೋಹಾಲಿನಲ್ಲಿ ಕರಗಿಸಿ, ತೆಳ್ಳಗೆ, ಮೆತ್ತನೆ ಬ್ರಷ್‌ನಲ್ಲಿ ಹಚ್ಚುತ್ತಾರೆ. ಪುಡಿ ಉದುರೋದು ನಿಲ್ಲುತ್ತದೆ. ಮೊದಲು ಕಾಣದ ಜಾಗದಲ್ಲಿ ಒಂದು ಚೂರು ಹಚ್ಚಿ ನೋಡಿ, ಬಣ್ಣ ಸ್ವಲ್ಪ ಗಾಢ ಆಗಬಹುದು. ಅದೆಲ್ಲ ತಲೆನೋವು ಅನಿಸಿದರೆ ಆಮ್ಲ ಇಲ್ಲದ ರಟ್ಟಿನಲ್ಲಿ ಅಳತೆಗೆ ಒಂದು ಡಬ್ಬಿ ಮಾಡಿಸಿ ಅದರೊಳಗಿಡಿ. ನಾನು ನನ್ನ ಆರು ಪುಸ್ತಕಕ್ಕೆ ಅದನ್ನೇ ಮಾಡಿರೋದು. ಪಡುವಣ ಗೋಡೆಗೆ ಒರಗಿರುವ ಅಲಮಾರಿಯಲ್ಲಂತೂ ಇಡಬೇಡಿ, ನಮ್ಮ ಕಡೆ ಮೇ ತಿಂಗಳಲ್ಲಿ ಆ ಗೋಡೆ ರಾತ್ರಿ ಹತ್ತಕ್ಕೂ ಹಂಚಿನ ಹಾಗೆ ಕಾದಿರುತ್ತದೆ.

ಕೊಪ್ಪಳಕೋಟೆ:
ಮದ್ರಾಸ್ ಚೀಟಿ ಅಂದಿರಲ್ಲ, ಅದಕ್ಕೇ ಬರೀತಿದ್ದೇನೆ. ನಮ್ಮ ರಸ್ತೆ ಪಕ್ಕ ಹಳದಿ ಹೂ ಬಿಡುವ ತಂಗಡಿ ಗಿಡ ನೋಡಿದ್ದೀರಲ್ವಾ? ಅದರ ತೊಗಟೆಯಿಂದಲೇ ಈ ಕಡೆ ಚರ್ಮ ಹದ ಮಾಡುತ್ತಿದ್ದರು. ಅಂಥ ಕುರಿ, ಮೇಕೆ ಚರ್ಮ ಇಂಗ್ಲೆಂಡಿಗೂ ಹೋಗುತ್ತಿತ್ತು, ಕಡಿಮೆ ಬೆಲೆಯ ಬೈಂಡಿಂಗಿಗೆ. ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್‌ನವರ ವರದಿ 1905ರಲ್ಲಿ ಪುಸ್ತಕವಾಗಿ ಬಂತು. ಈ ಚರ್ಮ ಬೈಂಡಿಂಗಿಗೆ ತೀರಾ ಕೆಟ್ಟದ್ದು, ಒಂದು ವರ್ಷ ತುಂಬುವ ಮೊದಲೇ ಹಾಳಾದದ್ದೂ ಉಂಟು ಅಂತ ಅದರಲ್ಲಿದೆ. ಸುಮಾಕ್ ಅನ್ನುವ ಗಿಡದ ಎಲೆಯಿಂದ ಹದ ಮಾಡಿದ್ದೇ ಬಾಳುತ್ತದೆ ಅಂದರು. ನಿಮ್ಮದು ತಂಗಡಿಯದ್ದೇ ಅಂತ ನೋಡದೆ ಹೇಳೋಕಾಗಲ್ಲ, ಅನುಮಾನ ಮಾತ್ರ ಜೋರಾಗಿದೆ.

ತೊಗಲುಗೊಂಬೆಗೆ ಯಾಕೆ ಹೀಗಾಗಲ್ಲ ಅಂತ ಯಾರಾದರೂ ಕೇಳ್ತಾರೆ, ಅದಕ್ಕೂ ಹೇಳಿಬಿಡ್ತೀನಿ: ಅದನ್ನು ತೊಗಟೆ ನೀರಿಗೆ ಹಾಕೋದೇ ಇಲ್ಲ, ಹಸಿ ತೊಗಲನ್ನು ಕೂದಲು ತೆಗೆದು ಎಳೆದು ಒಣಗಿಸೋದು.

ಹೊಸದರ ವಿಷಯ. ಈಸ್ಟನ್ ಪ್ರೆಸ್ ಚೆನ್ನಾಗಿದೆ, ಚರ್ಮ, ಬೆನ್ನ ಮೇಲೆ 22 ಕ್ಯಾರಟ್ ಚಿನ್ನ, ರಿಬ್ಬನ್ನು, ಎಲ್ಲಾ ಇದೆ. ಆದರೆ ಅಂಚೆ ಖರ್ಚು ಸೇರಿದರೆ ಪುಸ್ತಕದ ಬೆಲೆ ಮರೆತೇ ಹೋಗುತ್ತದೆ. ಲಂಡನ್ನಿನ ಫೋಲಿಯೋ ಸೊಸೈಟಿ ಅನ್ನುವ ಪ್ರಕಾಶನ 1947ರಿಂದ ಇದೆ, ಅವರದು ಹೆಚ್ಚಿನವು ಬಟ್ಟೆ ಬೈಂಡು, ಚಿತ್ರಗಳೇ ಅಲ್ಲಿನ ಆಸ್ತಿ. ನನ್ನ ಮಟ್ಟಿಗೆ ಚರ್ಮಕ್ಕಿಂತ ಅದೇ ಜಾಸ್ತಿ. ಒಂದು ಮಾತ್ರ ನೋಡಿಕೊಳ್ಳಿ, ಬಾಂಡೆಡ್ ಲೆದರ್ ಅಂತ ಬರೆದಿದ್ದರೆ ಅದು ಚರ್ಮದ ಚೂರು ಅರೆದು ಪ್ಲಾಸ್ಟಿಕ್ಕಿನಂಥ ಅಂಟು ಸೇರಿಸಿ ಹಾಳೆ ಮಾಡಿದ್ದು. ನಮ್ಮ ಸೆಕೆಗೆ ಕೆಲವು ವರ್ಷದಲ್ಲಿ ಹಪ್ಪಳದ ಹಾಗೆ ಏಳುತ್ತದೆ. ನನ್ನ ಹತ್ತಿರ ಎರಡು ಹಾಗೇ ಎದ್ದಿವೆ.

ಬಳ್ಳಾರಿಬಿಸಿಲು:
ಇಬ್ಬರಿಗೂ ಥ್ಯಾಂಕ್ಸ್. ಬೆಳಿಗ್ಗೆ ವಾಕಿಂಗ್‌ನಲ್ಲಿ ತಂಗಡಿ ಗಿಡ ಕಂಡಿತು, ಸುಮ್ನೆ ಸಿಟ್ಟು ಬಂತು. ಚಿತ್ರಗಳೆಲ್ಲಾ ಚೆನ್ನಾಗಿವೆ, ಗಾಳಿಗಿರಣಿಯ ಚಿತ್ರದ ಗೆರೆಗಳು ಈಗಲೂ ಚೂಪಾಗಿವೆ. ಡಬ್ಬಿಗೆ ಅಳತೆ ಕೊಟ್ಟು ಬಂದೆ. ಒಂದೇ ತೊಂದರೆ, ನಾನು ಆಫೀಸಿನಲ್ಲಿದ್ದಾಗ ಮಾವ ಆಗಲೇ ಒಂದು ಮೂಲೆಗೆ ಕೊಬ್ಬರಿ ಎಣ್ಣೆ ತಿಕ್ಕಿಬಿಟ್ಟಿದ್ದಾರೆ. ಅದನ್ನು ತೆಗೆಯೋಕೆ ಏನಾದರೂ ದಾರಿ ಇದೆಯಾ?

ರಾಯಚೂರುರಟ್ಟು:
ಇಲ್ಲ ಸರ್. ಡಬ್ಬಿ ಬಂದ ಮೇಲೆ ಅಲಮಾರಿ ಕೀಲಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.